ಷಡ್ಲೇಶ್ಯಾ ಚಿತ್ರವೂ ನೋಡುಗನ ಕವಿತೆಯೂ

ಶ್ರವಣಬೆಳಗೊಳದ ಜೈನಮಠದ ಭಿತ್ತಿಗಳ ಮೇಲೆ ಪಾರ್ಶ್ವನಾಥ ತೀರ್ಥಂಕರರ ಚರಿತೆಯಿದೆ, ಭರತ ಚಕ್ರವರ್ತಿಯ ಕಥೆಯಿದೆ, ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ದಸರಾ ದರ್ಬಾರೂ ಇದೆ. ಇವುಗಳ ಜೊತೆಗೆ ಸಿಂಹಾಸನವಾಗಲಿ ಪರಿವಾರವಾಗಲಿ ಇಲ್ಲದ ಒಂದು ಚಿತ್ರವುಂಟು: ಒಂದು ಕಾಡು, ಅದರಲ್ಲೊಂದು ಫಲವೃಕ್ಷ, ಆ ವೃಕ್ಷದಲ್ಲಿ ಆರು ಜನ. ಷಡ್ಲೇಶ್ಯೆಗಳ ದೃಷ್ಟಾಂತವೆಂದು ನಾವೆಲ್ಲರೂ ಬಲ್ಲ ಚಿತ್ರವಿದು. ಬಲ್ಲೆವೆಂಬ ಕಾರಣದಿಂದಲೇ ನಿಂತು ನೋಡುವವರು ವಿರಳ.

ಈ ದೃಷ್ಟಾಂತವನ್ನು 10ನೆಯ ಶತಮಾನದ ಆಚಾರ್ಯ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಹೇಳಿದ್ದಾರೆ. ಆ ಗ್ರಂಥಕ್ಕೆ ಕೇಶವವರ್ಣಿಯು 1359ರಲ್ಲಿ ಕನ್ನಡ ವೃತ್ತಿಯನ್ನು ರಚಿಸಿದನು. ದಾರಿ ತಪ್ಪಿದ ಆರು ಮಂದಿ ಪಥಿಕರು ಅಡವಿಯ ನಡುವೆ ಹಣ್ಣು ತುಂಬಿದ ಮರವನ್ನು ಕಾಣುತ್ತಾರೆ. ಕೃಷ್ಣಲೇಶ್ಯೆಯವನಿಗೆ ಮರವನ್ನು ಬುಡಸಹಿತ ಕೀಳುವ ಬಯಕೆ; ನೀಲಲೇಶ್ಯೆಯವನಿಗೆ ಕಾಂಡವನ್ನು, ಕಾಪೋತದವನಿಗೆ ದೊಡ್ಡ ಕೊಂಬೆಯನ್ನು, ಪೀತದವನಿಗೆ ಸಣ್ಣ ಕೊಂಬೆಯನ್ನು ಕಡಿಯುವ ಬಯಕೆ. ಪದ್ಮಲೇಶ್ಯೆಯವನು ಹಣ್ಣನ್ನಷ್ಟೇ ಕೀಳಬಯಸಿದರೆ, ಶುಕ್ಲಲೇಶ್ಯೆಯವನಿಗೆ ತಾನಾಗಿ ಉದುರಿದ್ದೇ ಸಾಕು. ಗಮನಿಸಬೇಕಾದ ಅಂಶವೆಂದರೆ, ಗಾಥೆಯ ಪಥಿಕರು ಮರವನ್ನು ಕಂಡು ಚಿಂತಿಸುತ್ತಾರೆ, ಅಷ್ಟೆ. ಅಲ್ಲಿ ಇನ್ನೂ ಒಂದು ಎಲೆಯೂ ಮುರಿದಿಲ್ಲ.

ಚಿತ್ರಕಾರನಿಗೆ ಈ ಅನುಕೂಲವಿಲ್ಲ. ಶಾಸ್ತ್ರವು ಲೇಶ್ಯೆಯನ್ನು ದ್ರವ್ಯ, ಭಾವ ಎಂದು ಎರಡಾಗಿ ಹೇಳುತ್ತದೆ. ಮೊದಲನೆಯದು ಶರೀರದ ವರ್ಣ, ಎರಡನೆಯದು ಕಷಾಯದಿಂದ ರಂಜಿತವಾದ ಅಂತರಂಗದ ಪ್ರವೃತ್ತಿ. ಕುಂಚಕ್ಕೆ ಎಟುಕುವುದು ವರ್ಣ ಮತ್ತು ಭಂಗಿ ಮಾತ್ರ. ಆದುದರಿಂದ ಚಿತ್ರಕಾರನು ಯೋಚನೆಯನ್ನು ಕೈಗಳ ಕೆಲಸವಾಗಿ ಮಾರ್ಪಡಿಸುತ್ತಾನೆ. ಆ ಕೈಗಳ ಕೆಲಸವನ್ನು ಪುನಃ ಯೋಚನೆಯಾಗಿಸುವ ಹೊಣೆ ನೋಡುಗನದು. ಕವಿತೆ ಹುಟ್ಟುವ ತಾಣ ಇದೇ.

ಈ ಚಿತ್ರವನ್ನು ಕಂಡು ಪದ್ಯ ಬರೆಯುವವರು ಸಾಮಾನ್ಯವಾಗಿ ಆರು ವರ್ಣಗಳನ್ನು ಎಣಿಸಿ, ಶುಕ್ಲಲೇಶ್ಯೆಯನ್ನು ಹೊಗಳಿ ಮುಗಿಸುತ್ತಾರೆ. ಅದು ಪಾಠದ ಛಂದೋರೂಪ; ಅದರಲ್ಲಿ ದೋಷವಿಲ್ಲ, ಆದರೆ ಬರೆದವನೂ ಇಲ್ಲ. ‘ಶುಕ್ಲಲೇಶ್ಯೆ ಶ್ರೇಷ್ಠ’ ಎಂಬುದನ್ನು ಯಾರು ಬೇಕಾದರೂ ಬರೆಯಬಹುದು. ‘ತಮ್ಮನ ಪಾಲಿನ ತೆಂಗನ್ನೂ ಬಯಸಿದ ದಿನ ನನ್ನ ಕೈ ಯಾವ ಕೊಂಬೆಯ ಮೇಲಿತ್ತು?’ ಎಂಬುದನ್ನು ಒಬ್ಬನೇ ಬರೆಯಬಲ್ಲ. ದಾನಶಿಲೆಯ ಮೇಲೆ ತನ್ನ ಹೆಸರೇ ಮೊದಲಿರಲೆಂದು ಹಟ ಹಿಡಿದವನು ಕಾಂಡದ ಬಳಿಯಲ್ಲಿ ತನ್ನ ಮುಖವನ್ನು ಕಾಣಬಹುದು. ಆರು ಜನರ ಹಸಿವೂ ಒಂದೇ, ಮರವೂ ಒಂದೇ ಎಂಬುದು ಚಿತ್ರದ ಕಾರುಣ್ಯ. ಭಾವಲೇಶ್ಯೆ ಬದಲಾಗುವಂಥದು ಎಂಬುದು ಅದರ ಭರವಸೆ.

ಇಂತಹ ಕವಿತೆ ಪ್ರಕಟವಾಗಲೇಬೇಕೆಂದಿಲ್ಲ. ಅದು ಆಲೋಚನೆ, ಪ್ರತಿಕ್ರಮಣಗಳಿಗೆ ಬದಲಿಯಲ್ಲ. ಅವುಗಳಿಗೆ ಮನಸ್ಸನ್ನು ಹದಗೊಳಿಸುವ ಸಾಧನ. ಅಂದವಾಗಿ ಬರೆದೆನೆಂಬ ಮಾನಕಷಾಯ ಮೂಡಿದರೆ ಅದೂ ಮರಕ್ಕೆ ಬಿದ್ದ ಕೊಡಲಿಯೇ.

ಬಸದಿಗಳ ಆಡಳಿತ ಸಮಿತಿಗಳಲ್ಲಿ ಒಂದು ವಿನಂತಿ. ಷಡ್ಲೇಶ್ಯಾ ಚಿತ್ರವನ್ನು ಹೊಸದಾಗಿ ಬರೆಯಿಸುವಾಗ ಪ್ರತಿಯೊಬ್ಬನ ತಲೆಯ ಮೇಲೂ ಲೇಶ್ಯೆಯ ಹೆಸರನ್ನು ಬರೆಯಿಸದಿರಿ. ವಿವರಣೆಯ ಫಲಕವನ್ನು ತುಸು ದೂರದಲ್ಲಿಡಿ. ಹಳೆಯ ಚಿತ್ರವಿದ್ದಲ್ಲಿ ಅದರ ಮೇಲೆ ಎಣ್ಣೆಬಣ್ಣ ಬಳಿಯಿಸದೆ, ತಜ್ಞರಿಂದ ಸಂರಕ್ಷಿಸಿರಿ. ತಾಯಂದಿರು ಮಕ್ಕಳಿಗೆ ‘ಇವರಲ್ಲಿ ಒಳ್ಳೆಯವನು ಯಾರು?’ ಎಂದು ಕೇಳುವ ಮುನ್ನ ‘ಇಂದು ನಾವು ಎಲ್ಲಿದ್ದೆವು?’ ಎಂದು ಕೇಳಲಿ. ಉತ್ತರ ಎರಡು ಸಾಲಾದರೂ ಸಾಕು.