ಫೋನು ನಮ್ಮದು, ಬಟನ್ ಯಾರದು?

ಮೊಬೈಲ್ ರಿಪೇರಿ ಅಂಗಡಿಗಳಿಗೆ ಬರುವ ದೂರುಗಳಲ್ಲಿ ಒಂದು ಬಗೆಯ ದೂರು ತುಸು ವಿಚಿತ್ರವಾದುದು. ಫೋನು ಕೆಳಗೆ ಬಿದ್ದಿರುವುದಿಲ್ಲ, ನೀರೂ ಹೊಕ್ಕಿರುವುದಿಲ್ಲ. ಬ್ಯಾಟರಿ ಸರಿಯಾಗಿದೆ, ಸಿಮ್ ಸರಿಯಾಗಿದೆ. ಆದರೆ ಬದಿಯ ಬಟನ್ ಒತ್ತಿ ಹಿಡಿದರೆ ಫೋನು ಆಫ್ ಆಗುವ ಬದಲು ಒಳಗಿನಿಂದ ಯಾರೋ ಮಾತಿಗೆ ಬರುತ್ತಾರೆ. ಪರದೆಯ ಕೆಳಗಿದ್ದ ಮೂರು ಗುರುತುಗಳ ಜಾಗದಲ್ಲಿ ಒಂದು ಸಣ್ಣ ಗೆರೆ ಮಾತ್ರ ಉಳಿದಿದೆ. ನಿನ್ನೆಯವರೆಗೆ ಮೊದಲ ಪುಟದಲ್ಲಿದ್ದ ಬ್ಯಾಂಕಿನ ಐಕಾನು ಇಂದು ಅಲ್ಲಿಲ್ಲ. ಜನ ಇದಕ್ಕೆ 'ಸೆಟ್ಟಿಂಗ್ ಹೋಗಿದೆ' ಎನ್ನುತ್ತಾರೆ. ಇನ್ನು ಕೆಲವರು 'ವೈರಸ್ ಬಂದಿದೆ' ಎಂದು ಹೆದರುತ್ತಾರೆ. ಎಷ್ಟೋ ಸಲ ಏನೂ ಹೋಗಿರುವುದಿಲ್ಲ, ಏನೂ ಬಂದಿರುವುದೂ ಇಲ್ಲ. ಫೋನು ತಯಾರಿಸಿದವರು ಅದರ ನಡವಳಿಕೆಯನ್ನು ಬದಲಾಯಿಸಿರುತ್ತಾರೆ, ಅಷ್ಟೆ.

'ಅಷ್ಟೆ' ಎಂದು ಹೇಳಿ ಮುಗಿಸಬಹುದಾದ ವಿಷಯ ಇದಲ್ಲ ಎಂಬುದು ನಮ್ಮ ಅಭಿಪ್ರಾಯ. ಕತೆ, ಕಾದಂಬರಿ, ಸಿನಿಮಾಗಳನ್ನು ವಿಮರ್ಶೆಗೆ ಒಡ್ಡುವ ನಾವು, ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ನೋಡುವ ಹೋಮ್ ಸ್ಕ್ರೀನ್ ಎಂಬ ರಚನೆಯನ್ನು ಮಾತ್ರ ಪ್ರಶ್ನಿಸುವುದಿಲ್ಲ. ಅದನ್ನೂ ಯಾರೋ ಕುಳಿತು ರಚಿಸಿದ್ದಾರೆ. ಏನು ಎದುರಿಗಿರಬೇಕು, ಏನು ಮರೆಯಲ್ಲಿರಬೇಕು, ಯಾವ ಬಟನ್ ಯಾರ ಸೇವೆಗೆ ಎಂದು ತೀರ್ಮಾನಿಸಿದ್ದಾರೆ. ಆ ತೀರ್ಮಾನಗಳಲ್ಲಿ ಹಣ ಕೊಟ್ಟು ಕೊಂಡವರ ಪಾಲೆಷ್ಟು? ಪ್ರಶ್ನೆ ಇರುವುದು ಇಲ್ಲಿ.

ಕೈಯ ನೆನಪು

ಬಟನ್ ಎಂಬುದು ಕೈ ಮತ್ತು ವಸ್ತುವಿನ ನಡುವಿನ ಒಂದು ಒಪ್ಪಂದ. ಕರೆಂಟು ಹೋದ ಮನೆಯಲ್ಲಿ ಟಾರ್ಚು ಎಲ್ಲಿದೆಯೆಂದು ಕೈಗೆ ಗೊತ್ತಿರುತ್ತದೆ, ಕಣ್ಣಿಗಲ್ಲ. 2007ರಲ್ಲಿ ಬಂದ ಮೊದಲ ಐಫೋನಿನ ಮುಖದ ಮೇಲೆ ಇದ್ದದ್ದು ಒಂದೇ ಹೋಮ್ ಬಟನ್. ಎಲ್ಲಿ ದಾರಿ ತಪ್ಪಿದರೂ ಅದನ್ನು ಒತ್ತಿದರೆ ಮೊದಲಿನ ಜಾಗಕ್ಕೆ ಮರಳಬಹುದಿತ್ತು. 2008ರ ಮೊದಲ ಆಂಡ್ರಾಯ್ಡ್ ಫೋನ್ ಎಚ್‌ಟಿಸಿ ಡ್ರೀಮ್‌ನಲ್ಲೂ ಹೋಮ್, ಬ್ಯಾಕ್, ಮೆನು ಬಟನ್‌ಗಳು ಬೆರಳಿಗೆ ಸಿಗುವಂತಿದ್ದವು. 2011ರ ಗ್ಯಾಲಕ್ಸಿ ನೆಕ್ಸಸ್‌ನಲ್ಲಿ ಬ್ಯಾಕ್ ಮತ್ತು ಹೋಮ್ ಪರದೆಯೊಳಗಿನ ಚಿತ್ರಗಳಾದವು. 2017ರ ಐಫೋನ್ ಟೆನ್‌ನಲ್ಲಿ ಹೋಮ್ ಬಟನ್ನೇ ಹೋಯಿತು. 2018ರ ಆಂಡ್ರಾಯ್ಡ್ 9 ಹಳೆಯ ಗುರುತುಗಳ ಬದಲು ಗುಳಿಗೆಯಾಕಾರದ ಒಂದು ಚಿಹ್ನೆಯನ್ನು ತಂದರೆ, 2019ರ ಆಂಡ್ರಾಯ್ಡ್ 10 ಅದನ್ನೂ ತೆಳುವಾದ ಗೆರೆಯಾಗಿಸಿ, ಬೆರಳೆಳೆಯುವ ಸನ್ನೆಗಳನ್ನು ಕೊಟ್ಟಿತು. 2025ರ ಫೆಬ್ರುವರಿಯಲ್ಲಿ ಆಪಲ್ ಕಂಪನಿ ಐಫೋನ್ ಎಸ್‌ಇ ಮಾರಾಟ ನಿಲ್ಲಿಸಿದಾಗ ಅದರ ಫೋನುಗಳ ಪಟ್ಟಿಯಿಂದ ಹೋಮ್ ಬಟನ್ ಪೂರ್ತಿ ಮರೆಯಾಯಿತು.

ಈ ಹದಿನೆಂಟು ವರ್ಷಗಳ ನಡೆಯಲ್ಲಿ ಒಂದು ದಿಕ್ಕು ಸ್ಪಷ್ಟವಾಗಿದೆ. ಮುಟ್ಟಿ ತಿಳಿಯುತ್ತಿದ್ದುದು ನೋಡಿ ತಿಳಿಯುವಂಥದ್ದಾಯಿತು. ನೋಡಿ ತಿಳಿಯುತ್ತಿದ್ದುದು, ಮೊದಲೇ ಗೊತ್ತಿದ್ದವರಿಗೆ ಮಾತ್ರ ಗೊತ್ತಾಗುವಂಥದ್ದಾಯಿತು. ಪರದೆಯ ಅಂಚಿನಿಂದ ಒಳಕ್ಕೆ ಬೆರಳೆಳೆದರೆ ಹಿಂದಕ್ಕೆ ಹೋಗಬಹುದು ಎಂದು ಪರದೆಯ ಮೇಲೆ ಎಲ್ಲಿಯೂ ಬರೆದಿರುವುದಿಲ್ಲ. ಹದಿಹರೆಯದವರು ಅದನ್ನು ಆಡುತ್ತಾಡುತ್ತಾ ಕಲಿಯುತ್ತಾರೆ. ಓದುಬರಹ ಕಡಿಮೆಯಿರುವ, ಗುರುತಿನ ಜಾಗವನ್ನೇ ನೆಚ್ಚಿಕೊಂಡು ಗಲ್ಫ್‌ನಲ್ಲಿರುವ ಮಗನ ಕರೆ ಸ್ವೀಕರಿಸುವ ತಾಯಿಯ ಪಾಡೇನು? ಆಕೆಗೆ ಹಸಿರು ಐಕಾನು ಎಡಗಡೆಯ ಮೂಲೆಯಲ್ಲಿದೆ ಎಂಬುದೇ ಅಕ್ಷರಜ್ಞಾನ. ಆ ಮೂಲೆಯನ್ನು ಬದಲಿಸಿದವರು ಆಕೆಯನ್ನು ಮತ್ತೆ ನಿರಕ್ಷರಿಯಾಗಿಸುತ್ತಾರೆ. ದುಃಖದ ಸಂಗತಿಯೆಂದರೆ, ಇಂಥವರು ತಪ್ಪು ತಮ್ಮದೇ ಎಂದು ನಂಬುತ್ತಾರೆ. 'ನಾನೇ ಏನೋ ಒತ್ತಿಬಿಟ್ಟೆ' ಎನ್ನುತ್ತಾರೆ. 'ನಿಮಗೆ ಗೊತ್ತಾಗಲ್ಲ ಬಿಡಿ' ಎಂಬ ಉತ್ತರ ಮನೆಯ ಮಕ್ಕಳಿಂದಲೇ ಬರುತ್ತದೆ.

ಆಫ್ ಮಾಡದ ಪವರ್ ಬಟನ್

ಪವರ್ ಬಟನ್‌ನ ಕತೆ ಇನ್ನೂ ಸ್ವಾರಸ್ಯಕರವಾಗಿದೆ. ಐಫೋನ್ ಟೆನ್‌ನಲ್ಲಿ ಬದಿಯ ಬಟನ್ ಒತ್ತಿ ಹಿಡಿದರೆ ಬಂದದ್ದು ಸಿರಿ ಎಂಬ ಸಹಾಯಕಿ; ಫೋನು ಆಫ್ ಮಾಡಲು ವಾಲ್ಯೂಮ್ ಬಟನ್ನನ್ನೂ ಜೊತೆಗೆ ಹಿಡಿಯಬೇಕಾಯಿತು. 2019ರ ಗ್ಯಾಲಕ್ಸಿ ನೋಟ್ 10ರಲ್ಲಿ ಸ್ಯಾಮ್‌ಸಂಗ್ ಅದೇ ಜಾಗವನ್ನು ತನ್ನ ಬಿಕ್ಸ್‌ಬಿಗೆ ಕೊಟ್ಟಿತು. 2021ರ ಆಂಡ್ರಾಯ್ಡ್ 12ರೊಂದಿಗೆ ಗೂಗಲ್‌ನ ಪಿಕ್ಸೆಲ್ ಫೋನುಗಳಲ್ಲಿ ಅಸಿಸ್ಟೆಂಟ್ ಅಲ್ಲಿಗೆ ಬಂತು. 2025ರ ಗ್ಯಾಲಕ್ಸಿ ಎಸ್25ರಲ್ಲಿ ಬಿಕ್ಸ್‌ಬಿ ಎದ್ದು ಹೋಗಿ ಗೂಗಲ್‌ನ ಜೆಮಿನಿ ಕುಳಿತಿತು. ಬಟನ್ ಒಂದೇ, ಒತ್ತುವ ಬೆರಳು ಒಂದೇ. ಒಳಗೆ ಕುಳಿತಿರುವವರು ಮಾತ್ರ ಬದಲಾಗುತ್ತಿದ್ದಾರೆ.

ಇದೇಕೆ ಹೀಗೆ? ಬಸ್ ನಿಲ್ದಾಣದ ಎದುರಿನ ಅಂಗಡಿಗೆ ಬಾಡಿಗೆ ಹೆಚ್ಚು. ಎಲ್ಲರೂ ಹಾದುಹೋಗುವ ಜಾಗವದು. ಫೋನಿನಲ್ಲಿ ಪವರ್ ಬಟನ್ ಮತ್ತು ಹೋಮ್ ಸ್ಕ್ರೀನ್ ಅಂಥ ಜಾಗಗಳು. ತಮ್ಮ ಸೇವೆಯನ್ನು ಅಭ್ಯಾಸ ಮಾಡಿಸಬೇಕೆಂದಿರುವ ಕಂಪನಿಗೆ ಅದಕ್ಕಿಂತ ಒಳ್ಳೆಯ ಮೂಲೆ ಸಿಗಲಾರದು. ಬೀಗ ಹಾಕಿದ ಪರದೆಯೂ ಇದಕ್ಕೆ ಹೊರತಲ್ಲ. ಬೆಂಗಳೂರಿನಲ್ಲಿ ಬೆಳೆದ ಇನ್‌ಮೋಬಿ ಸಮೂಹದ ಗ್ಲಾನ್ಸ್ ಸೇವೆ, ಹಲವು ಕಂಪನಿಗಳ ಆಂಡ್ರಾಯ್ಡ್ ಫೋನುಗಳ ಲಾಕ್ ಸ್ಕ್ರೀನಿನ ಮೇಲೆ ಸುದ್ದಿ, ಆಟ, ಮಾರಾಟದ ಚಿತ್ರಗಳನ್ನು ತೋರಿಸುತ್ತದೆ. ಬೇಡವಾದರೆ ನಿಲ್ಲಿಸಬಹುದು, ನಿಜ. ಆದರೆ ಬೇಕೇ ಎಂದು ಮೊದಲು ಕೇಳುವುದಕ್ಕೂ, ಬೇಡವಾದರೆ ಹುಡುಕಿ ತೆಗೆಯಿರಿ ಎನ್ನುವುದಕ್ಕೂ ವ್ಯತ್ಯಾಸವಿದೆ. ಯಾರ ಮನೆಗೆ ಹೋದರೂ ಹೊಸ್ತಿಲ ಹೊರಗೆ ನಿಂತು ಸಲಾಂ ಹೇಳಿ, ಒಳಗೆ ಬರಬಹುದೇ ಎಂದು ಕೇಳುವ ರೂಢಿ ನಮ್ಮಲ್ಲಿದೆ. ಹೋಮ್ ಎಂದು ಹೆಸರಿಟ್ಟವರಿಗೆ ಆ ರೂಢಿ ತಿಳಿದಿಲ್ಲವೇ?

ಒಂದು ಬಟನ್‌ಗೆ ಹಲವು ಕೆಲಸ ಹೊರಿಸಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ ಸಾಕ್ಷಿ. ಪವರ್ ಬಟನ್ನನ್ನು ಐದು ಸಲ ಒತ್ತಿದರೆ ತುರ್ತು ಕರೆ ಹೋಗುವ ಸೌಲಭ್ಯ ಆಂಡ್ರಾಯ್ಡ್ 12ರಲ್ಲಿ ಬಂದಿತ್ತು. 2023ರ ಜೂನ್‌ನಲ್ಲಿ ಅಲ್ಲಿನ ಪೊಲೀಸ್ ಮುಖ್ಯಸ್ಥರ ಮಂಡಳಿ, ಜೇಬಿನಲ್ಲೋ ಚೀಲದಲ್ಲೋ ಬಟನ್ ಒತ್ತಿಹೋಗಿ 999ಕ್ಕೆ ಅರಿಯದೆ ಬರುವ ಕರೆಗಳು ವಿಪರೀತವಾಗಿವೆಯೆಂದು ಎಚ್ಚರಿಸಬೇಕಾಯಿತು. ನಮ್ಮಲ್ಲಿ 2016ರಲ್ಲಿ ಕೇಂದ್ರ ಸರಕಾರ ತಂದ ಪ್ಯಾನಿಕ್ ಬಟನ್ ನಿಯಮದ ಪ್ರಕಾರ, ಸಾಧಾರಣ ಫೋನುಗಳಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯಬೇಕು. ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ನನ್ನು ಬೇಗಬೇಗನೆ ಮೂರು ಸಲ ಒತ್ತುವುದು ಅದು ಹೇಳಿದ ದಾರಿಗಳಲ್ಲೊಂದು. ಈಗ ಲೆಕ್ಕ ಹಾಕಿ. ಒಮ್ಮೆ ಒತ್ತಿದರೆ ಪರದೆಗೆ ಬೀಗ, ಎಷ್ಟೋ ಫೋನುಗಳಲ್ಲಿ ಎರಡು ಸಲ ಒತ್ತಿದರೆ ಕ್ಯಾಮೆರಾ, ಒತ್ತಿ ಹಿಡಿದರೆ ಸಹಾಯಕಿ, ನಿಯಮದಲ್ಲಿ ಮೂರು, ಕೆಲವು ಫೋನುಗಳಲ್ಲಿ ಐದು. ರಾತ್ರಿ ಒಬ್ಬಳೇ ನಡೆದು ಬರುವ ಹುಡುಗಿಯ ನಡುಗುವ ಬೆರಳಿಗೆ ಈ ಲೆಕ್ಕ ನೆನಪಿರಬೇಕೆ? ಸುರಕ್ಷತೆಗೆಂದು ಇಟ್ಟ ಬಟನ್ ಎಲ್ಲ ಫೋನುಗಳಲ್ಲೂ ಒಂದೇ ರೀತಿ ನಡೆದುಕೊಳ್ಳಬೇಕು. ಇಲ್ಲವಾದರೆ ಅದು ಇದ್ದೂ ಇಲ್ಲದಂತೆ.

ಭಾಷೆಯ ಗೋಡೆ

ಬದಲಾದುದನ್ನು ಸರಿಪಡಿಸಿಕೊಳ್ಳಲು ಹೊರಟರೆ ಎದುರಾಗುವುದು ಭಾಷೆ. ಹಲವು ಫೋನುಗಳ ಕನ್ನಡ ಪಟ್ಟಿಯಲ್ಲಿ 'ಪ್ರವೇಶಿಸುವಿಕೆ' ಎಂಬ ಪದವಿದೆ. ಎಲ್ಲಿಗೆ ಪ್ರವೇಶ, ಯಾರ ಪ್ರವೇಶ? ಅಂಧರಿಗೆ, ಕಿವಿ ಕೇಳದವರಿಗೆ, ಕೈ ನಡುಗುವವರಿಗೆ ನೆರವಾಗುವ ಸೌಲಭ್ಯಗಳೆಲ್ಲ ಆ ಪದದ ಹಿಂದಿವೆ ಎಂದು ಯಾವ ಕನ್ನಡಿಗ ಊಹಿಸಬಲ್ಲ? ಇಂಗ್ಲಿಷಿನ ಪದವನ್ನು ನಿಘಂಟಿನಲ್ಲಿ ಹುಡುಕಿ ತಂದಿದ್ದಾರೆಯೇ ಹೊರತು, ಅದು ಮಾಡುವ ಕೆಲಸವನ್ನು ನೋಡಿ ಹೆಸರಿಟ್ಟಿಲ್ಲ. ಹೀಗಾಗಿಯೇ ಕನ್ನಡ ಚೆನ್ನಾಗಿ ಬಲ್ಲವರೂ ಫೋನನ್ನು ಇಂಗ್ಲಿಷಿನಲ್ಲೇ ಇಟ್ಟುಕೊಳ್ಳುತ್ತಾರೆ.

ಇದಕ್ಕೆ ವ್ಯತಿರಿಕ್ತವಾದ ಒಂದು ಉದಾಹರಣೆಯೂ ಇದೆ. ಫೋನಿನ ಭಾಷೆಯನ್ನು ಉರ್ದುವಿಗೆ ಬದಲಿಸಿದರೆ ಇಡೀ ಪರದೆ ತಿರುವುಮುರುವಾಗುತ್ತದೆ. ಎಡಕ್ಕಿದ್ದ ಹಿಂದಿರುಗುವ ಬಾಣ ಬಲಕ್ಕೆ ಹೋಗುತ್ತದೆ, ಪುಟಗಳು ಎದುರು ದಿಕ್ಕಿಗೆ ಸರಿಯುತ್ತವೆ. ಉರ್ದು ಬಾರದವರ ಫೋನಿನಲ್ಲಿ ಆಕಸ್ಮಿಕವಾಗಿ ಹೀಗಾದರೆ ಗಾಬರಿಯೇ ಸರಿ. ಆದರೆ ಬಲದಿಂದ ಎಡಕ್ಕೆ ಓದಿ ಬೆಳೆದವರ ಕೈ ಇದನ್ನು ಕೂಡಲೇ ಒಪ್ಪಿಕೊಳ್ಳುತ್ತದೆ. ಏಕೆಂದರೆ ಆ ಬದಲಾವಣೆಗೆ ಓದುವವರ ಲಿಪಿಯಲ್ಲಿ ಕಾರಣವಿದೆ. ನಮ್ಮ ತಕರಾರು ಬದಲಾವಣೆಯ ಮೇಲಲ್ಲ. ಬಳಸುವವರಲ್ಲಿ ಕಾರಣವಿಲ್ಲದ ಬದಲಾವಣೆಯ ಮೇಲೆ.

ಕೈಗೆ ಬರುವ ಪರಿಹಾರ

ವಿಮರ್ಶೆ ಅಲ್ಲಿರಲಿ, ಫೋನು ಸರಿಯಾಗುವುದು ಹೇಗೆ ಎಂದು ಓದುಗರು ಕೇಳಬಹುದು. ಮೊದಲು ನೋಡಬೇಕಾದುದು ಹೊರಗಿನ ಕಾರಣಗಳನ್ನು. ದಪ್ಪನೆಯ ಕವರ್ ಬಟನ್ನನ್ನು ಅದುಮಿರಬಹುದು, ಅಂಚಿನ ಸನ್ನೆಗೆ ಅಡ್ಡಿಯಾಗಿರಬಹುದು. ಕವರ್ ತೆಗೆದು, ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಬೇಕು. ಆಫ್ ಆಗದಿದ್ದರೆ ಪವರ್ ಮತ್ತು ವಾಲ್ಯೂಮ್ ಬಟನ್‌ಗಳನ್ನು ಒಟ್ಟಿಗೆ ಒತ್ತಬೇಕು. ಪಿಕ್ಸೆಲ್‌ನಲ್ಲಿ ವಾಲ್ಯೂಮ್ ಹೆಚ್ಚಿಸುವ ಬಟನ್, ಸ್ಯಾಮ್‌ಸಂಗ್‌ನಲ್ಲಿ ತಗ್ಗಿಸುವ ಬಟನ್. ಹಳೆಯ ಅಭ್ಯಾಸವೇ ಬೇಕೆಂದರೆ ಸ್ಯಾಮ್‌ಸಂಗ್‌ನ ಅಡ್ವಾನ್ಸ್ಡ್ ಫೀಚರ್ಸ್‌ನಲ್ಲಿ ಸೈಡ್ ಬಟನ್ ಎಂಬಲ್ಲಿ, ಪಿಕ್ಸೆಲ್‌ನ ಸಿಸ್ಟಂ ವಿಭಾಗದ ಜೆಸ್ಚರ್ಸ್‌ನಲ್ಲಿ ಅದನ್ನು ಮರಳಿ ಪಡೆಯಬಹುದು. ಮೂರು ಗುರುತುಗಳು ಬೇಕಾದರೆ ಸೆಟ್ಟಿಂಗ್ಸ್‌ನ ಹುಡುಕುವ ಪೆಟ್ಟಿಗೆಯಲ್ಲಿ ನ್ಯಾವಿಗೇಶನ್ ಎಂದು ಇಂಗ್ಲಿಷಿನಲ್ಲಿ ಬರೆದರೆ ಸಾಕು.

ಮುಟ್ಟಿದ್ದನ್ನೆಲ್ಲ ಫೋನು ಓದಿ ಹೇಳತೊಡಗಿ, ಒಂದು ಸಲ ಒತ್ತಿದರೆ ಏನೂ ತೆರೆಯದಿದ್ದರೆ, ಅದು ಟಾಕ್‌ಬ್ಯಾಕ್ ಎಂಬ ಅಂಧರ ನೆರವಿನ ಸೌಲಭ್ಯ. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಎರಡೂ ವಾಲ್ಯೂಮ್ ಬಟನ್‌ಗಳನ್ನು ಮೂರು ಸೆಕೆಂಡು ಹಿಡಿದರೆ ಅದು ಶುರುವಾಗಬಹುದು, ಹಾಗೆಯೇ ನಿಲ್ಲುತ್ತದೆ. ಐಕಾನು ಮಸುಕಾಗಿ ಅದರ ಮೇಲೆ ಮೋಡದ ಗುರುತು ಕಂಡರೆ, ಬಹಳ ದಿನ ಬಳಸದ ಆ್ಯಪನ್ನು ಫೋನು ಜಾಗ ಉಳಿಸಲು ಕಟ್ಟಿಟ್ಟಿದೆ ಎಂದರ್ಥ. ಮುಟ್ಟಿದರೆ ಮತ್ತೆ ಇಳಿಯುತ್ತದೆ. ಹೋಮ್ ಸ್ಕ್ರೀನಿನ ರೂಪವೇ ಬೇರೆಯಾಗಿದ್ದರೆ ಡೀಫಾಲ್ಟ್ ಆ್ಯಪ್ಸ್‌ನಲ್ಲಿ ಹೋಮ್ ಆ್ಯಪ್ ಯಾವುದಿದೆ ನೋಡಬೇಕು. ಅಂದಚೆಂದದ ಥೀಮ್ ಎಂದು ಹಾಕಿಕೊಂಡ ಆ್ಯಪ್ ಆ ಜಾಗ ಹಿಡಿದಿರಬಹುದು. ಸೇಫ್ ಮೋಡ್‌ನಲ್ಲಿ ಫೋನು ಸರಿಯಾಗಿದ್ದರೆ ತಪ್ಪು ನಾವು ಹಾಕಿದ ಯಾವುದೋ ಆ್ಯಪಿನದೇ ಇರಬೇಕು. ಮದುವೆ ಕರೆಯೋಲೆಯ ನೆಪದಲ್ಲಿ ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲನ್ನು ತೆರೆದ ಮೇಲೆ ಹೀಗಾಗಿದ್ದರೆ ಮಾತ್ರ ನಿಜಕ್ಕೂ ಹೆದರಬೇಕು. ಕೂಡಲೇ ಇಂಟರ್ನೆಟ್ ಕಡಿದು ಬ್ಯಾಂಕಿಗೆ ಮತ್ತು 1930 ಸಂಖ್ಯೆಗೆ ತಿಳಿಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಕೊನೆಯ ಮಾತು. 'ಫಾರ್ಮ್ಯಾಟ್ ಮಾಡಿಸಿಬಿಡಿ' ಎಂಬ ಸಲಹೆಗೆ ಅವಸರದಿಂದ ತಲೆಯಾಡಿಸಬಾರದು. ಒಂದು ಆಯ್ಕೆ ಬದಲಿಸಿದರೆ ಸರಿಹೋಗುತ್ತಿದ್ದ ಫೋನನ್ನು ಅಳಿಸಿದರೆ, ಬೇರೆಡೆ ಪ್ರತಿ ಇಡದ ಚಿತ್ರಗಳೂ ದನಿಗಳೂ ಹೋಗುತ್ತವೆ. ತೀರಿಹೋದವರ ಒಂದು ವಾಯ್ಸ್ ಮೆಸೇಜು ಬಟನ್‌ನ ಕಾರಣಕ್ಕೆ ಅಳಿದುಹೋಗುವುದು ಸಣ್ಣ ನಷ್ಟವಲ್ಲ.

ಕೇಳುವ ಹಕ್ಕು

ಕಂಪನಿಗಳ ಕಡೆಯ ವಾದವನ್ನೂ ಕೇಳೋಣ. ಬಟನ್ ಹೋದುದರಿಂದ ಪರದೆ ದೊಡ್ಡದಾಯಿತು, ಸನ್ನೆಗಳು ಅಭ್ಯಾಸವಾದರೆ ವೇಗ ಹೆಚ್ಚು, ಅಪ್‌ಡೇಟ್ ಹಾಕದಿದ್ದರೆ ಕಳ್ಳರಿಗೆ ದಾರಿ. ಇವೆಲ್ಲ ಒಪ್ಪತಕ್ಕ ಮಾತುಗಳೇ. ಆದರೆ ದೊಡ್ಡ ಅಪ್‌ಡೇಟ್‌ಗಳಲ್ಲಿ ಸುರಕ್ಷತೆಯನ್ನೂ ರೂಪಾಂತರವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕೊಡಲಾಗುತ್ತದೆ. ಬೀಗ ರಿಪೇರಿಗೆ ಬಂದವನು ಬಾಗಿಲನ್ನೂ ಬೇರೆ ಗೋಡೆಗೆ ಇಟ್ಟುಹೋದಂತೆ ಇದು. ಬಾಗಿಲು ಕದಲಿಸಬೇಡ ಎನ್ನುವವರು ಬೀಗವಿಲ್ಲದೆ ಇರಬೇಕಾಗುತ್ತದೆ.

ಇದಕ್ಕೆ ಬೇರೆ ದಾರಿ ಇಲ್ಲವೆಂದೇನಲ್ಲ. 2012ರಲ್ಲಿ ವಿಂಡೋಸ್ 8ರಿಂದ ಮೈಕ್ರೋಸಾಫ್ಟ್ ತೆಗೆದುಹಾಕಿದ ಸ್ಟಾರ್ಟ್ ಬಟನ್, ಬಳಕೆದಾರರ ಗದ್ದಲದ ನಂತರ 2013ರ 8.1ರಲ್ಲಿ ಮರಳಿ ಬಂತು. ನಮ್ಮ ಕನ್ನಡದಲ್ಲೇ ನೋಡಿ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ 'ನುಡಿ'ಗೆ ಆಧಾರವಾಗಿ, ಸರಕಾರದ ಮನ್ನಣೆ ಪಡೆದು ನಿಂತಿದೆ. ಕಂಪ್ಯೂಟರುಗಳು ಬದಲಾದವು, ಅಕ್ಷರ ವಿನ್ಯಾಸಗಳು ಬದಲಾದವು, ಆದರೆ ಅದನ್ನು ಕಲಿತವರ ಬೆರಳುಗಳು ಮತ್ತೆ ಶಾಲೆಗೆ ಹೋಗಬೇಕಾಗಲಿಲ್ಲ. ಕೈಯ ನೆನಪನ್ನು ಗೌರವಿಸುವ ತಂತ್ರಜ್ಞಾನ ಸಾಧ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೆ?

ಆದ್ದರಿಂದ ನಾವು ಕೇಳಬೇಕಾದುದು ಹೆಚ್ಚೇನಲ್ಲ. ಬಟನ್‌ನ ಕೆಲಸ ಬದಲಿಸುವ ಮೊದಲು ಒಪ್ಪಿಗೆ ಕೇಳಿ. ಹಳೆಯ ಕ್ರಮಕ್ಕೆ ಮರಳುವ ದಾರಿಯನ್ನು ಅದೇ ಪುಟದಲ್ಲಿ ತೋರಿಸಿ. ತುರ್ತು ಕರೆಯ ಬಟನ್ ಎಲ್ಲ ಫೋನುಗಳಲ್ಲೂ ಒಂದೇ ಆಗಿರಲಿ. ಇದನ್ನೆಲ್ಲ ನಮ್ಮ ಮನೆಯ ಹಿರಿಯರಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳಿ. ಅಲ್ಲಿಯವರೆಗೆ ಮನೆಯ ಮಕ್ಕಳಲ್ಲಿ ಒಂದು ವಿನಂತಿ: ಅಮ್ಮನೋ ಅಜ್ಜನೋ ಫೋನು ಹಿಡಿದು ಬಂದಾಗ 'ಏನು ಒತ್ತಿದಿರಿ?' ಎಂದು ಗದರಬೇಡಿ. ಅವರು ಒತ್ತಿದ್ದು ನಿನ್ನೆ ಒತ್ತಿದ ಬಟನ್ನನ್ನೇ.