ತಂದೆಯ ನುಡಿಯಲ್ಲಿ ಒಂದು ಉತ್ತರ: ‘ಬ್ಲ್ಯಾಕ್ ಪ್ಯಾಂಥರ್’ ಚಿತ್ರದ ವಿಮರ್ಶೆ

ರಯಾನ್ ಕೂಗ್ಲರ್ ನಿರ್ದೇಶಿಸಿ 2018ರಲ್ಲಿ ತೆರೆಕಂಡ ‘ಬ್ಲ್ಯಾಕ್ ಪ್ಯಾಂಥರ್’ ಚಿತ್ರವನ್ನು ಮೊಮ್ಮಕ್ಕಳ ಪಾಲಿನ ಸಾಹಸಕಥೆಯೆಂದು ಹಿರಿಯರು ಬದಿಗಿರಿಸುವುದುಂಟು. ಭಾಷೆಯ ಹೆಸರಿನಲ್ಲಿ ಸಂಘ ಕಟ್ಟಿಕೊಂಡಿರುವ ನಾವು ಅದನ್ನು ಒಮ್ಮೆ ಕುಳಿತು ನೋಡಬೇಕು.

ವಕಾಂಡ ಎಂಬುದು ಪರರ ಆಳ್ವಿಕೆಗೆ ಎಂದೂ ಒಳಗಾಗದ, ಕಲ್ಪಿತ ಆಫ್ರಿಕನ್ ರಾಜ್ಯ. ವೈಬ್ರೇನಿಯಂ ಎಂಬ ಲೋಹದ ಬಲದಿಂದ ವಿಜ್ಞಾನದಲ್ಲಿ ಜಗತ್ತನ್ನೇ ಮೀರಿಸಿದ್ದರೂ ಬಡದೇಶದ ವೇಷ ತೊಟ್ಟು ಗಡಿಯೊಳಗೆ ಅಡಗಿದೆ. 1992ರಲ್ಲಿ ಅದರ ರಾಜ ಟಿಚಾಕ ಅಮೆರಿಕದ ಓಕ್ಲೆಂಡಿನಲ್ಲಿ ತನ್ನ ತಮ್ಮನನ್ನೇ ಕೊಂದು, ಅವನ ಮಗನನ್ನು ಅಲ್ಲಿಯೇ ಅನಾಥನಾಗಿ ಬಿಟ್ಟು ಹಿಂತಿರುಗುತ್ತಾನೆ. ಆ ಬಾಲಕನೇ ಬೆಳೆದು, ಕಿಲ್‌ಮಾಂಗರ್ ಎಂಬ ಹೆಸರು ಹೊತ್ತು, ಸಿಂಹಾಸನ ಕೇಳಲು ಬರುತ್ತಾನೆ.

ಚಿತ್ರದ ಜೀವಾಳ ದರ್ಬಾರಿನ ದೃಶ್ಯ. ಇವನು ಅಮೆರಿಕದ ಕೂಲಿಸೈನಿಕನೆಂದು ಆಸ್ಥಾನ ಹೀಗಳೆಯುತ್ತದೆ. ನಿಜ ಬಲ್ಲ ಹೊಸ ರಾಜ ಟಿಚಾಲ ಇವನನ್ನು ಹೊರಗೊಯ್ಯಿರೆನ್ನುತ್ತಾನೆ. ಹಿರಿಯರೊಬ್ಬರು ನೀನಾರೆಂದು ವಕಾಂಡದ ನುಡಿಯಲ್ಲಿ ಕೇಳುತ್ತಾರೆ. ಅವನು ಅದೇ ನುಡಿಯಲ್ಲಿ ತನ್ನ ಹೆಸರನ್ನೂ ತಂದೆಯ ಹೆಸರನ್ನೂ ಹೇಳುತ್ತಾನೆ. ಸಭೆ ತಲ್ಲಣಿಸುತ್ತದೆ. ನಾಡನ್ನೇ ಕಾಣದೆ ಬೆಳೆದವನಿಗೆ ಆ ಒಂದು ವಾಕ್ಯವೇ ಹಕ್ಕುಪತ್ರ. ಶಾಲೆಯಲ್ಲಿ ಮರಾಠಿಯನ್ನೋ ಮಲಯಾಳವನ್ನೋ ಓದಿ, ಕನ್ನಡವನ್ನು ಮನೆಮಾತಾಗಿಯಷ್ಟೇ ಉಳಿಸಿಕೊಂಡ ಮಕ್ಕಳನ್ನು ಬಲ್ಲ ನಮಗೆ ಈ ಗಳಿಗೆ ಅಪರಿಚಿತವಲ್ಲ.

ಆ ನುಡಿ ಕಲ್ಪಿತವೂ ಅಲ್ಲ. ದಕ್ಷಿಣ ಆಫ್ರಿಕದ ಅಧಿಕೃತ ಭಾಷೆಗಳಲ್ಲೊಂದಾದ ಖೋಸಾ. ಟಿಚಾಕನ ಪಾತ್ರ ವಹಿಸಿದ ಹಿರಿಯ ರಂಗನಟ ಜಾನ್ ಕಾನಿ ಅವರ ತಾಯ್ನುಡಿ ಅದು. ಆದರೆ ರಾಜ್ಯಾಡಳಿತದ ಚರ್ಚೆ, ಯುದ್ಧದ ತೀರ್ಮಾನ, ಪ್ರೇಮ ಎಲ್ಲವೂ ಬಹುಪಾಲು ಇಂಗ್ಲಿಷಿನಲ್ಲೇ ನಡೆಯುತ್ತವೆ. ಖೋಸಾ ಒಡವೆಯಂತೆ ಅಲ್ಲಲ್ಲಿ ಮಿನುಗಿ ಮರೆಯಾಗುತ್ತದೆ. ಯಾರಿಗೂ ವಶವಾಗದ ದೇಶದ ಜನ ತಮ್ಮತಮ್ಮೊಳಗೆ ಇಂಗ್ಲಿಷ್ ಆಡುವುದೇಕೆ? ವ್ಯಾಪಾರದ ಕಾರಣ ನಮಗೆ ತಿಳಿಯದ್ದೇನಲ್ಲ. ಆದರೂ ಕೊರತೆ ಕೊರತೆಯೇ. (ವಸ್ತ್ರವಿನ್ಯಾಸ, ಕಲಾನಿರ್ದೇಶನ, ಸಂಗೀತಗಳಿಗೆ ಆಸ್ಕರ್ ಸಂದದ್ದು ಮಾತ್ರ ನ್ಯಾಯವೇ.)

ಇದಕ್ಕಿಂತ ದೊಡ್ಡ ತಕರಾರು ಚಿತ್ರದ ರಾಜಕೀಯದ್ದು. ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ನಿಂತು, ನಿಮ್ಮ ಹಿರಿಯರು ಇವನ್ನು ಹೇಗೆ ಪಡೆದರೆಂದು ಕಿಲ್‌ಮಾಂಗರ್ ಕೇಳುತ್ತಾನೆ. ಇತಿಹಾಸ ಅವನ ಪರವಾಗಿದೆ: 1897ರಲ್ಲಿ ಬ್ರಿಟಿಷ್ ಸೇನೆ ಬೆನಿನ್ ನಗರವನ್ನು ಸೂರೆಮಾಡಿ ತಂದ ಕಂಚಿನ ಶಿಲ್ಪಗಳು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಲೋಕದ ಕಪ್ಪು ಜನ ನರಳುವಾಗ ವಕಾಂಡ ಎಲ್ಲಿತ್ತೆಂಬ ಅವನ ಇನ್ನೊಂದು ಪ್ರಶ್ನೆ ಮತ್ತೂ ಹರಿತವಾದುದು. ಇಷ್ಟನ್ನು ಅವನ ಬಾಯಲ್ಲಿ ಆಡಿಸಿದ ಚಿತ್ರಕಥೆ, ಅವನ ಕೈಯಿಂದಲೇ ಪ್ರೇಯಸಿಯನ್ನು ಕೊಲ್ಲಿಸುತ್ತದೆ, ಪವಿತ್ರ ಮೂಲಿಕೆಯ ತೋಟವನ್ನು ಸುಡಿಸುತ್ತದೆ. ಕೇಳಿದವನನ್ನು ಕಟುಕನನ್ನಾಗಿಸಿದರೆ ಉತ್ತರಿಸುವ ಹೊಣೆ ತಪ್ಪಿತಲ್ಲ! ಅತ್ತ ಅಮೆರಿಕದ ಗುಪ್ತಚರ ಅಧಿಕಾರಿ ಸಜ್ಜನ ಮಿತ್ರನಾಗಿ ಮೆರೆಯುತ್ತಾನೆ.

ತಂದೆ ಮಾಡಿದ್ದು ತಪ್ಪೆಂದು ಟಿಚಾಲ ಪಿತೃಲೋಕದಲ್ಲಿ ತಂದೆಯ ಮುಖದೆದುರೇ ಹೇಳುತ್ತಾನೆ. ಮುಂದೆ ಓಕ್ಲೆಂಡಿನಲ್ಲಿ ಕಟ್ಟಡಗಳನ್ನು ಕೊಂಡು ಸೇವಾಕೇಂದ್ರ ತೆರೆಯಲು ಮುಂದಾಗುತ್ತಾನೆ. ಒಳ್ಳೆಯ ಕೆಲಸ. ಆದರೆ ಆ ತಪ್ಪೊಪ್ಪಿಗೆ ಕಿಲ್‌ಮಾಂಗರ್‌ನ ಕಿವಿಗೆ ಬೀಳುವುದೇ ಇಲ್ಲ. ತಂದೆ ಬಣ್ಣಿಸಿದ್ದ ವಕಾಂಡದ ಸೂರ್ಯಾಸ್ತವನ್ನು ನೋಡುತ್ತ, ಚಿಕಿತ್ಸೆಯನ್ನು ನಿರಾಕರಿಸಿ, ದಾಸ್ಯಕ್ಕಿಂತ ಸಾವು ಮೇಲೆಂದು ಹಡಗುಗಳಿಂದ ಜಿಗಿದ ಪೂರ್ವಿಕರಿರುವ ಕಡಲಲ್ಲಿ ತನ್ನನ್ನೂ ಸೇರಿಸಿರೆಂದು ಕೇಳಿ ಸಾಯುತ್ತಾನೆ. ಆ ಕೊನೆಯ ಮಾತನ್ನು ಅವನು ಆಡುವುದು ಇಂಗ್ಲಿಷಿನಲ್ಲಿ.