ರಝಾ ಅವರ ವರ್ಣಲೋಕ: ಬಿಂದುವಿಗೆ ಮುಂಚಿನ ಕತ್ತಲು

ಸೈಯದ್ ಹೈದರ್ ರಝಾ (1922–2016) ಅವರ ಹೆಸರಿನೊಡನೆ ‘ಬಿಂದು’ ಎಂಬ ಪದ ಗಾಢವಾಗಿ ಬೆಸೆದುಕೊಂಡಿದೆ. ಹೀಗಾಗಿ ಅದಕ್ಕೂ ಮುಂಚಿನ ಎರಡು ದಶಕಗಳ ಕೃತಿಗಳನ್ನು ಕೇವಲ ಪೂರ್ವಸಿದ್ಧತೆಯೆಂದು ಕಾಣುವ ರೂಢಿ ವಿಮರ್ಶೆಯಲ್ಲಿ ಬೆಳೆದುಬಂದಿದೆ. ಈ ನಿಲುವು ಮರುಪರಿಶೀಲನೆಗೆ ಅರ್ಹವಾದುದು. ರಝಾ ಅವರ ಬಣ್ಣ ಅತ್ಯಂತ ಸ್ವತಂತ್ರವಾಗಿರುವುದು 1960 ಮತ್ತು 70ರ ದಶಕಗಳ ಅಭಿವ್ಯಕ್ತಿಪ್ರಧಾನ ಅಮೂರ್ತ ಚಿತ್ರಗಳಲ್ಲಿಯೇ.

ಅರಣ್ಯ ಇಲಾಖೆಯಲ್ಲಿದ್ದ ತಂದೆಯೊಡನೆ ಮಧ್ಯಪ್ರದೇಶದ ಮಂಡ್ಲಾ ಸೀಮೆಯ ಕಾಡುಗಳ ನಡುವೆ ಬೆಳೆದ ರಝಾ, ಅಲ್ಲಿಯ ರಾತ್ರಿಗಳು ಹುಟ್ಟಿಸುತ್ತಿದ್ದ ಭಯವನ್ನು ಮುಂದೆ ಹಲವು ಬಾರಿ ನೆನೆದಿದ್ದಾರೆ. 1950ರಲ್ಲಿ ಪ್ಯಾರಿಸ್ ಸೇರಿದ ಮೇಲೆ ಅವರನ್ನು ಸೆಳೆದದ್ದು ಸೆಝಾನ್‌ನ ರಚನಾಶಿಸ್ತು. 1956ರಲ್ಲಿ ಅಲ್ಲಿನ ವಿಮರ್ಶಕರ ಪ್ರಶಸ್ತಿ ಅವರಿಗೆ ಸಂದಿತು. 1962ರಲ್ಲಿ ಬೋಧನೆಗಾಗಿ ಅಮೆರಿಕದ ಬರ್ಕ್ಲಿಗೆ ತೆರಳಿದಾಗ ರಾಥ್ಕೊ ಮೊದಲಾದವರ ಕೃತಿಗಳ ಪರಿಚಯ ಗಾಢವಾಯಿತು. ಅನಂತರ ಅವರು ಮಂದ ತೈಲವರ್ಣವನ್ನು ಬಿಟ್ಟು ಬೇಗ ಒಣಗುವ ಅಕ್ರಿಲಿಕ್‌ನ್ನು ಹಿಡಿದರು. ಇದನ್ನು ಕೇವಲ ಮಾಧ್ಯಮದ ಬದಲಾವಣೆಯೆನ್ನಲಾಗದು. ಕುಂಚದ ವೇಗವೂ ನೆನಪಿನ ವೇಗವೂ ಇಲ್ಲಿ ಒಂದಾದವು.

‘ತಪೋವನ’ (1972), ‘ಲಾ ತೇರ್’ (1973) ಕೃತಿಗಳಲ್ಲಿ ಮನೆ, ಮರ, ಬೆಟ್ಟಗಳ ಗುರುತು ಅಳಿದುಹೋಗಿದೆ. ಕಪ್ಪಿನ ಒಡಲಿಂದ ಕೆಂಪು, ಕಾವಿ, ಹಳದಿಗಳು ಕೆಂಡದಂತೆ ಮೇಲೇಳುತ್ತವೆ. ಈ ಕಪ್ಪು ಹಿನ್ನೆಲೆಯಲ್ಲ, ಸಂಕೇತವೂ ಅಲ್ಲ; ಉಳಿದ ವರ್ಣಗಳು ಹೆದರಿ ಸರಿಯುವ, ಮತ್ತೆ ಆಶ್ರಯಿಸುವ ಜೀವಂತ ರಾತ್ರಿ. ನೋಡುಗನಿಗೆ ಮಂಡ್ಲಾ ತಿಳಿಯದಿದ್ದರೂ ಆ ಭಯ ತಟ್ಟುತ್ತದೆ.

1980ರ ಬಳಿಕ ವೃತ್ತ, ತ್ರಿಕೋನಗಳು ಕ್ರಮಬದ್ಧವಾಗುತ್ತವೆ. ಬಣ್ಣಗಳು ಪಂಚಭೂತಗಳಿಗೆ ಹಂಚಿಕೆಯಾಗುತ್ತವೆ. ಅವುಗಳ ಸೌಷ್ಠವ ನಿರ್ವಿವಾದ. ಆದರೆ ಅರ್ಥ ಮೊದಲೇ ನಿಶ್ಚಿತವಾದಾಗ ಬಣ್ಣ ಅದರ ಆಜ್ಞಾಧಾರಿಯಾಗುತ್ತದೆ. ಇವೆರಡು ಘಟ್ಟಗಳ ನಡುವಿನ ‘ಸೌರಾಷ್ಟ್ರ’ (1983) ಇನ್ನೂ ಸೂಕ್ಷ್ಮ ಅಧ್ಯಯನವನ್ನು ಬೇಡುತ್ತದೆ. 2010ರ ಲಂಡನ್ ಹರಾಜಿನಲ್ಲಿ ಅದಕ್ಕೆ ಬಂದ ಹದಿನಾರು ಕೋಟಿ ರೂಪಾಯಿಗೂ ಮಿಕ್ಕ ಬೆಲೆಯ ಸುದ್ದಿ ಕೃತಿಯ ಕುರಿತ ಮಾತನ್ನೇ ಮರೆಸಿತು.

‘ಮಾ’ (1981) ಈ ದೃಷ್ಟಿಯಿಂದ ಇನ್ನಷ್ಟು ಮುಖ್ಯ. ಅಲ್ಲಿ ಕರಿಯ ಬಿಂದು ಆಗಲೇ ನೆಲೆಗೊಂಡಿದೆ. ಅದರ ಪಕ್ಕದಲ್ಲಿ ಹಳೆಯ ವರ್ಣಾವೇಗವೂ ಆರಿಲ್ಲ. ಅಶೋಕ್ ವಾಜಪೇಯಿ ಅವರ ಕವಿತೆಯ ಸಾಲೊಂದನ್ನು ರಝಾ ದೇವನಾಗರಿಯಲ್ಲಿ ಚಿತ್ರದ ಮೇಲೆಯೇ ಬರೆದಿದ್ದಾರೆ. ‘ಲಾ ತೇರ್’ ರಚಿಸಿದ ಕುಂಚಕ್ಕೆ ಅಂತಹ ಅಕ್ಷರಗಳ ನೆರವು ಬೇಕಾಗಿರಲಿಲ್ಲ.